ಮಂಡಿಗೆ ಇಂಜೆಕ್ಷನ್ ಆಯ್ತು, ಮುಂದೇನು?

ಮಂಡಿ ಸವೆತಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಐದು ಹತ್ತು ನಿಮಿಷದ ಕೆಲಸ. ಮಲಗಿಸುತ್ತಾರೆ, ಮಂಡಿಗೆ ಕಂದು ಬಣ್ಣದ ಔಷಧಿ ಬಳಿಯುತ್ತಾರೆ, ಸೂಜಿ ಚುಚ್ಚುತ್ತಾರೆ, ಒಂದು ಪಟ್ಟಿ ಅಂಟಿಸಿ "ಎರಡು ದಿನ ರೆಸ್ಟ್ ಮಾಡಿ" ಅಂತ ಹೇಳಿ ಕಳಿಸುತ್ತಾರೆ. ರೆಸ್ಟ್ ಅಂದರೆ ಹಾಸಿಗೆ ಹಿಡಿಯುವುದಾ, ರಾತ್ರಿ ನೋವು ಜಾಸ್ತಿಯಾದರೆ ಹೆದರಬೇಕಾ, ಮೂರನೇ ದಿನದಿಂದ ಏನು ಮಾಡಬೇಕು, ಇದನ್ನೆಲ್ಲ ಕೇಳೋಣ ಅಂದರೆ ಹೊರಗೆ ಇನ್ನೂ ಅಷ್ಟು ಜನ ಟೋಕನ್ ಹಿಡಿದು ಕೂತಿರುತ್ತಾರೆ. ನಾನು ಫಿಸಿಯೋಥೆರಪಿ ಕೆಲಸದಲ್ಲಿ ಇರುವುದರಿಂದ ಆ ಪ್ರಶ್ನೆಗಳೆಲ್ಲ ಆಮೇಲೆ ನನ್ನ ಹತ್ತಿರ ಬರುತ್ತವೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಜೆಕ್ಷನ್ ಸವೆದ ಮಂಡಿಯನ್ನು ಸರಿ ಮಾಡುವುದಿಲ್ಲ. ನೋವು ಕಡಿಮೆ ಇರುವ ಕೆಲವು ವಾರಗಳನ್ನು ಕೊಡುತ್ತದೆ, ಅಷ್ಟೇ. ಆ ವಾರಗಳಲ್ಲಿ ತೊಡೆಗೆ ಬಲ ತಂದುಕೊಂಡವರಿಗೆ ಕೊಟ್ಟ ದುಡ್ಡಿಗೆ ಬೆಲೆ ಸಿಗುತ್ತದೆ. ನೋವು ಹೋಯ್ತಲ್ಲ ಅಂತ ಸುಮ್ನೆ ಕೂತವರು, ಅಥವಾ ನೋವು ಹೋಯ್ತಲ್ಲ ಅಂತ ಮಾರನೇ ದಿನವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟವರು, ಇಬ್ಬರೂ ಕೆಲವು ತಿಂಗಳಲ್ಲಿ ಮತ್ತೆ ಅದೇ ಕ್ಯೂನಲ್ಲಿ ನಿಂತಿರುತ್ತಾರೆ.

ಆಸ್ಪತ್ರೆಯಿಂದ ಹೊರಡುವ ಮುಂಚೆ: ಯಾವ ಔಷಧಿ ಹಾಕಿದರು?

ಮಂಡಿ ಇಂಜೆಕ್ಷನ್ ಅನ್ನುವ ಒಂದೇ ಹೆಸರಿನಲ್ಲಿ ಮುಖ್ಯವಾಗಿ ಮೂರು ಬೇರೆ ಬೇರೆ ಔಷಧಿ ನಡೆಯುತ್ತವೆ. ಒಂದು, ಸ್ಟೀರಾಯ್ಡ್. ಸಾಮಾನ್ಯವಾಗಿ ಟ್ರಯಾಮ್ಸಿನೋಲೋನ್ ಅಥವಾ ಮಿಥೈಲ್‌ಪ್ರೆಡ್ನಿಸೋಲೋನ್, 40 ಮಿಲಿಗ್ರಾಂ, ಕೆಲವರಿಗೆ 80. ಎರಡು, ಜೆಲ್, ಅಂದರೆ ಹೈಯಲ್ಯುರಾನಿಕ್ ಆಸಿಡ್. ಇದನ್ನೇ ಜನ "ಮಂಡಿಗೆ ಗ್ರೀಸ್ ಹಾಕಿಸೋದು" ಅನ್ನುತ್ತಾರೆ. ಮೂರು, ಪಿಆರ್‌ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ಮಾತ್ರ ಮಂಡಿಗೆ ಹಾಕುವುದು.

ಇದನ್ನು ಯಾಕೆ ಕೇಳಬೇಕು ಅಂದರೆ, ಮನೆಯಲ್ಲಿ ಮಾಡುವ ಆರೈಕೆ ಬದಲಾಗುತ್ತದೆ. ಸ್ಟೀರಾಯ್ಡ್ ಆದರೆ ಶುಗರ್ ನೋಡಿಕೊಳ್ಳಬೇಕು. ಪಿಆರ್‌ಪಿ ಆದರೆ ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ನುಂಗಬಾರದು. ಜೆಲ್ ಆದರೆ ಒಂದು ವಾರದಲ್ಲಿ ಏನೂ ಅನ್ನಿಸಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬಾರದು. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ತಮಗೆ ಹಾಕಿದ್ದು ಏನು ಅಂತ ಗೊತ್ತೇ ಇರುವುದಿಲ್ಲ. "ಏನೋ ಬೆಳ್ಳಗಿತ್ತು" ಅನ್ನುತ್ತಾರೆ. ಚೀಟಿಯಲ್ಲಿ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಕಾಲು, ಯಾವ ತಾರೀಕು ಅಂತ ಬರೆಸಿಕೊಳ್ಳಿ. ಆಗದಿದ್ದರೆ ಆ ಬಾಟಲಿಯ ಲೇಬಲ್ಲನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ.

ಇಂಜೆಕ್ಷನ್ ಆದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ. ಕೆಲವರಿಗೆ ಸೂಜಿ ನೋಡಿಯೇ ತಲೆ ಸುತ್ತು ಬರುತ್ತದೆ. ಅಪರೂಪಕ್ಕೆ ಔಷಧಿಗೆ ಅಲರ್ಜಿ ಆದರೂ, ಮೈ ತುರಿಕೆ, ಗಂಧೆ, ಉಸಿರಾಟದ ತೊಂದರೆ ಅಂತ ಶುರುವಾಗುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಮನೆಗೆ ಹೋಗುವುದು

ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಸ್ಟೀರಾಯ್ಡ್ ಜೊತೆ ಮರಗಟ್ಟಿಸುವ ಔಷಧಿಯನ್ನೂ ಸೇರಿಸಿರುತ್ತಾರೆ, ಹಾಗಾಗಿ ಮಂಡಿ ಹಗುರ ಅನ್ನಿಸುತ್ತದೆ. ಆದರೆ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಆ ಕಾಲನ್ನು ನೆಲಕ್ಕೆ ಊರಿದಾಗ ಅದು ಭಾರ ತಡೆಯುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಕಾರಾದರೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೂರಿಸಿ. ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದುಕೊಳ್ಳಬೇಕು. ಆಟೋದಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಓರೆಯಾಗಿ ಕೂತು ಕಾಲು ಸ್ವಲ್ಪ ಚಾಚಿಕೊಳ್ಳಬಹುದು. ಬಸ್ಸು ಮಾತ್ರ ಆ ದಿನ ಬೇಡ. ಮೊದಲ ಮೆಟ್ಟಿಲೇ ಅಷ್ಟು ಎತ್ತರ ಇರುತ್ತದೆ, ಅದೂ ಸೀಟು ಸಿಗುವ ಗ್ಯಾರಂಟಿ ಇಲ್ಲ.

ಮೊದಲ ರಾತ್ರಿ

ಹೆಚ್ಚು ಜನ ಗಾಬರಿಯಾಗುವುದು ಇಲ್ಲೇ. ಮರಗಟ್ಟಿಸುವ ಔಷಧಿಯ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಸ್ಟೀರಾಯ್ಡ್ ಕೆಲಸ ಶುರು ಮಾಡಲು ಸಾಮಾನ್ಯವಾಗಿ ಎರಡು ಮೂರು ದಿನ, ಕೆಲವರಿಗೆ ಒಂದು ವಾರವೇ ಬೇಕು. ನಡುವೆ ಇರುವ ಈ ಗ್ಯಾಪಿನಲ್ಲಿ ಹಳೇ ನೋವು ವಾಪಸ್ ಬರುತ್ತದೆ. ಕೆಲವರಿಗೆ ಹಳೇ ನೋವಿಗಿಂತ ಜಾಸ್ತಿಯೇ ಬರುತ್ತದೆ. ಔಷಧಿಯ ಸಣ್ಣ ಸಣ್ಣ ಹರಳುಗಳು ಕೀಲಿನ ಒಳಪದರವನ್ನು ಕೆರಳಿಸುವುದರಿಂದ ಹೀಗಾಗುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. "ಬೆಳಿಗ್ಗೆ ಚೆನ್ನಾಗಿದ್ದೆ, ಸಂಜೆ ಆಗೋಷ್ಟರಲ್ಲಿ ಕೆಟ್ಟೋಯ್ತು, ಸೂಜಿ ತಪ್ಪಾಗಿ ಚುಚ್ಚಿದ್ದಾರೆ" ಅಂತ ಆ ರಾತ್ರಿಯೇ ತೀರ್ಮಾನ ಮಾಡಬೇಡಿ.

ಆಗ ಮಾಡಬೇಕಾದ್ದು ತಣ್ಣನೆ ಪಟ್ಟಿ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ತೆಳು ಟವೆಲ್ ಸುತ್ತಿ, ಮಂಡಿಯ ಮೇಲೆ ಹತ್ತು ಹದಿನೈದು ನಿಮಿಷ ಇಡಿ. ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಬಹುದು. ಫ್ರೀಜರ್‌ನಲ್ಲಿ ಹಿತಕಿದ ಅವರೆಕಾಳಿನ ಪ್ಯಾಕೆಟ್ ಇದ್ದರೆ ಇನ್ನೂ ಒಳ್ಳೆಯದು, ಕಾಳು ಮಂಡಿಯ ಆಕಾರಕ್ಕೆ ಸರಿಯಾಗಿ ಕೂರುತ್ತದೆ. (ಆಮೇಲೆ ಅದನ್ನು ಸಾರಿಗೆ ಹಾಕಬೇಡಿ, ಕರಗಿ ಮತ್ತೆ ಗಟ್ಟಿಯಾದ ಕಾಳು ಕೆಟ್ಟಿರುತ್ತದೆ.) ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಶುಗರ್‌ನಿಂದ ಕಾಲು ಜೋಮು ಹಿಡಿಯುವವರಿಗೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ, ಅಂಥವರು ಮಧ್ಯೆ ಮಧ್ಯೆ ಎತ್ತಿ ನೋಡಬೇಕು. ಪಿಆರ್‌ಪಿ ಆಗಿದ್ದರೆ ಐಸ್ ಇಡಬಹುದಾ ಅಂತ ಡಾಕ್ಟರನ್ನು ಕೇಳಿಯೇ ಇಡಿ, ಕೆಲವರು ಬೇಡ ಅನ್ನುತ್ತಾರೆ.

ಬಿಸಿ ಶಾಖ ಈ ಎರಡು ದಿನ ಬೇಡ. ನೀಲಗಿರಿ ಎಣ್ಣೆ, ಹರಳೆಣ್ಣೆ, ನೋವಿನ ಮುಲಾಮು ಯಾವುದನ್ನೂ ಹಚ್ಚಿ ತಿಕ್ಕಬೇಡಿ. ಮನೆಯಲ್ಲಿ ಒಬ್ಬ ಅಜ್ಜಿಯೋ ಅತ್ತೆಯೋ "ಬಾ, ಸ್ವಲ್ಪ ಎಣ್ಣೆ ಹಾಕಿ ನೀವ್ತೀನಿ" ಅಂತ ಕೂತೇ ಇರುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ. ಸೂಜಿ ಹೋದ ಜಾಗ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಒಳಗೆ ಕೀಲು ಕೆರಳಿರುತ್ತದೆ. ಒಂದು ವಾರವಾದರೂ ಮಸಾಜ್ ದೂರ ಇರಲಿ.

ನೋವಿನ ಮಾತ್ರೆ ಬೇಕೇ ಬೇಕು ಅಂದರೆ ಪ್ಯಾರಸಿಟಮಾಲ್ ಸಾಕು. ಡೋಲೋ 650 ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ? ಒಂದು ಮಾತ್ರೆಗೂ ಇನ್ನೊಂದಕ್ಕೂ ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳಿ. ಇಲ್ಲೊಂದು ಸಣ್ಣ ಬಲೆ ಇದೆ: ಝೀರೋಡಾಲ್-ಪಿ ತರಹದ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಆಗಲೇ ಸೇರಿರುತ್ತದೆ. ಅದರ ಜೊತೆ ಡೋಲೋನೂ ನುಂಗಿದರೆ ಡಬಲ್ ಆಯ್ತು. ಬಿಪಿ ಇರುವವರು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೆಡಿಕಲ್ ಶಾಪಿನಲ್ಲಿ "ಮಂಡಿ ನೋವಿಗೆ ಏನಾದ್ರೂ ಕೊಡಿ" ಅಂತ ಕೇಳಿ ತಂದು ನುಂಗುವುದಂತೂ ಬೇಡವೇ ಬೇಡ. ಹಾಗೆಯೇ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ.

ಸ್ಟೀರಾಯ್ಡ್ ಆದವರಿಗೆ ಮಾರನೇ ದಿನ ಮುಖ ಕೆಂಪಗೆ ಬಿಸಿಯಾಗಬಹುದು, ಒಂದೆರಡು ರಾತ್ರಿ ನಿದ್ದೆ ಬಾರದೇ ಇರಬಹುದು. ತಾನಾಗಿ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ಹಿಂದೆ ಮುಂದೆ ಆಗಬಹುದು. ಮುಟ್ಟು ನಿಂತು ವರ್ಷಗಳಾದವರಿಗೂ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದುಂಟು. ಇಂಜೆಕ್ಷನ್ನಿಂದಲೇ ಇರಬೇಕು ಅಂತ ನೀವೇ ಅಂದುಕೊಂಡು ಸುಮ್ಮನಾಗಬೇಡಿ, ಹೆಂಗಸರ ಡಾಕ್ಟರಿಗೆ ಒಮ್ಮೆ ತೋರಿಸಿ. ಸಂಕೋಚಕ್ಕೆ ಮುಚ್ಚಿಟ್ಟುಕೊಳ್ಳುವ ವಿಷಯ ಅಲ್ಲ ಇದು.

ಶುಗರ್ ಇದ್ದವರು ಇದನ್ನು ಎರಡು ಸಲ ಓದಿ

ಮಂಡಿಯೊಳಗೆ ಹಾಕಿದ ಸ್ಟೀರಾಯ್ಡ್ ಮಂಡಿಯಲ್ಲೇ ಉಳಿಯುವುದಿಲ್ಲ. ಒಂದಷ್ಟು ರಕ್ತಕ್ಕೆ ಸೇರುತ್ತದೆ, ಶುಗರ್ ಏರುತ್ತದೆ. ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಏರಿ, ಒಂದು ವಾರದೊಳಗೆ ಹಳೇ ಮಟ್ಟಕ್ಕೆ ಬರುತ್ತದೆ. ಎರಡೂ ಮಂಡಿಗೆ ಒಂದೇ ದಿನ ಹಾಕಿಸಿಕೊಂಡಿದ್ದರೆ ಡೋಸ್ ಎರಡರಷ್ಟು ಅನ್ನುವುದು ನೆನಪಿರಲಿ.

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಮೊದಲ ವಾರ ದಿನಕ್ಕೆ ಎರಡು ಮೂರು ಸಲ ನೋಡಿ. ಬೆಳಿಗ್ಗೆ ಖಾಲಿ ಹೊಟ್ಟೆಯ ನಂಬರ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಸ್ಟೀರಾಯ್ಡ್‌ನಿಂದ ಏರುವುದು ಹೆಚ್ಚಾಗಿ ಊಟದ ನಂತರದ ಶುಗರ್. ಮಧ್ಯಾಹ್ನ ಊಟವಾದ ಎರಡು ಗಂಟೆಗೆ ನೋಡಿದರೆ ನಿಜ ಗೊತ್ತಾಗುತ್ತದೆ. 300 ದಾಟಿದರೆ, ಅಥವಾ ನಂಬರ್ ಎಷ್ಟೇ ಇರಲಿ ತುಂಬಾ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಸುಸ್ತು ಅಂತ ಆದರೆ ಶುಗರ್ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ನೀವೇ ಏರಿಸಬೇಡಿ. ಯಾಕೆಂದರೆ ಈ ಏರಿಕೆ ತಾತ್ಕಾಲಿಕ, ಅದು ಇಳಿದ ದಿನ ಏರಿಸಿದ ಡೋಸಿನಿಂದ ಶುಗರ್ ಲೋ ಆಗಿ ಬಿದ್ದರೆ ಮಂಡಿಯ ಜೊತೆ ಸೊಂಟವೂ ಹೋಯ್ತು.

ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದೆ, ಅದಕ್ಕೆ ಓಡಾಡಬೇಕು ಅಂತಲೇ ಮುಂಚಿನ ದಿನ ಇಂಜೆಕ್ಷನ್ ಹಾಕಿಸಿಕೊಳ್ಳುವವರು ತುಂಬಾ ಜನ. ಶುಗರ್ ಇದ್ದವರಿಗೆ ಇದಕ್ಕಿಂತ ಕೆಟ್ಟ ಲೆಕ್ಕಾಚಾರ ಇಲ್ಲ. ಔಷಧಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಶುಗರ್ ಆಗಲೇ ಏರಿರುತ್ತದೆ, ಎಲೆಯ ಮೇಲೆ ಹೋಳಿಗೆ ಬಂದಿರುತ್ತದೆ. ಕಾರ್ಯಕ್ರಮಕ್ಕೆ ಅಂತಲೇ ಹಾಕಿಸುವುದಾದರೆ ಎರಡು ವಾರ ಮುಂಚೆ ಹಾಕಿಸಿ.

ಇವು ಕಂಡರೆ ಕಾಯಬೇಡಿ

ಕೀಲಿನೊಳಗೆ ಸೋಂಕು ತೀರಾ ಅಪರೂಪ. ಆದರೆ ಒಮ್ಮೆ ಸೋಂಕು ಆಯ್ತು ಅಂದರೆ ಅದು ಗಂಟೆಗಳ ಲೆಕ್ಕದ ವಿಷಯ, ತಡವಾದಷ್ಟೂ ಕೀಲು ಹಾಳು. ಮೊದಲೆರಡು ದಿನದ ಮಾಮೂಲಿ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು. ಮಾಮೂಲಿ ನೋವು ಬೇಗ ಬಂದು ಬೇಗ ಇಳಿಯುತ್ತದೆ. ಸೋಂಕಿನ ನೋವು ಎರಡು ದಿನ ಆದ ಮೇಲೂ ಏರುತ್ತಲೇ ಹೋಗುತ್ತದೆ, ಅಥವಾ ಒಮ್ಮೆ ಇಳಿದದ್ದು ಮೂರನೇ ನಾಲ್ಕನೇ ದಿನ ಹೊಸದಾಗಿ ಶುರುವಾಗುತ್ತದೆ. ಮಂಡಿ ಕೆಂಪಗೆ ಊದಿ ಮುಟ್ಟಿದರೆ ಬಿಸಿ, ಸ್ವಲ್ಪ ಬಗ್ಗಿಸಿದರೂ ಜೀವ ಹೋದಷ್ಟು ನೋವು, ಕಾಲು ಊರಲು ಆಗುವುದಿಲ್ಲ, ಚಳಿ ಜ್ವರ, ಸೂಜಿ ಜಾಗದಿಂದ ಕೀವು. ಇವುಗಳಲ್ಲಿ ಒಂದೆರಡು ಸೇರಿದರೂ ಅದೇ ದಿನ, ರಾತ್ರಿಯಾದರೆ ರಾತ್ರಿಯೇ, ಮೂಳೆ ಡಾಕ್ಟರು ಇರುವ ಆಸ್ಪತ್ರೆಗೆ ಹೋಗಿ. ಜ್ವರ ಇಲ್ಲವಲ್ಲ ಅಂತ ಸುಮ್ಮನಿರಬೇಡಿ. ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ ಜ್ವರ ಕಾಣಿಸಿಕೊಳ್ಳದೇ ಇರಬಹುದು, ಸ್ಟೀರಾಯ್ಡ್ ಕೂಡ ಅದನ್ನು ಮುಚ್ಚಿಡಬಹುದು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ: ಆಸ್ಪತ್ರೆಗೆ ಹೋಗುವ ಮುಂಚೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ಎರಡು ಮಾತ್ರೆ ನುಂಗಿ ನೋಡೋಣ ಅನ್ನಬೇಡಿ. ಆಸ್ಪತ್ರೆಯಲ್ಲಿ ಮಂಡಿಯಿಂದ ನೀರು ತೆಗೆದು ಯಾವ ಕ್ರಿಮಿ ಅಂತ ಬೆಳೆಸಿ ನೋಡುತ್ತಾರೆ. ನೀವು ಮೊದಲೇ ಅರ್ಧಂಬರ್ಧ ಔಷಧಿ ತೆಗೆದುಕೊಂಡಿದ್ದರೆ ಕ್ರಿಮಿ ಸಿಗುವುದಿಲ್ಲ, ಸೋಂಕು ಮಾತ್ರ ಒಳಗೇ ಇರುತ್ತದೆ.

ಮೀನಖಂಡ ಊದಿ ನೋವಾದರೆ, ಎದೆ ಹಿಡಿದಂತೆ ಆಗಿ ಉಸಿರು ಕಟ್ಟಿದರೆ ಅದೂ ತುರ್ತು. ಮಂಡಿಯ ಕಥೆಯೇ ಇರಬೇಕು ಅಂತೇನಿಲ್ಲ, ರಕ್ತ ಹೆಪ್ಪುಗಟ್ಟಿರಬಹುದು.

ಎರಡನೇ ದಿನದಿಂದ ಒಂದು ವಾರ

ರೆಸ್ಟ್ ಅಂದರೆ ಹಾಸಿಗೆಯಲ್ಲಿ ಬಿದ್ದಿರುವುದಲ್ಲ. ಮನೆಯೊಳಗೆ ಓಡಾಡಿ, ಬಾತ್‌ರೂಮಿಗೆ ಹೋಗಿ, ಕೂತು ತರಕಾರಿ ಹೆಚ್ಚಿ, ಟೀವಿ ನೋಡಿ. ಬೇಡ ಅಂದಿರುವುದು ಭಾರ ಎತ್ತುವುದು, ತುಂಬಾ ಹೊತ್ತು ನಿಲ್ಲುವುದು, ಮೆಟ್ಟಿಲು, ವಾಕಿಂಗ್ ಗುಂಪಿನ ಜೊತೆ ಪಾರ್ಕಿಗೆ ಹತ್ತು ಸುತ್ತು.

ಪಟ್ಟಿಯನ್ನು ಮಾರನೇ ದಿನ ಬೆಳಿಗ್ಗೆ ತೆಗೆದುಬಿಡಿ. ಸ್ನಾನ ಮಾಡಬಹುದು, ಕುರ್ಚಿಯ ಮೇಲೆ ಕೂತು ತಂಬಿಗೆಯಲ್ಲಿ ನೀರು ಹಾಕಿಕೊಂಡರೆ ಸರಿ. ಕೆರೆ, ಹೊಳೆ, ಈಜುಕೊಳ, ಟಬ್ಬಿನಲ್ಲಿ ಕಾಲು ನೆನೆಸುವುದು ಎರಡು ದಿನ ಬೇಡ. ದೀಪಾವಳಿ ಹತ್ತಿರವಿದ್ದರೆ ಎಣ್ಣೆ ಸ್ನಾನ ಮಾಡಿ, ಮಂಡಿ ಬಿಟ್ಟು.

ನಮ್ಮ ಮನೆಗಳಲ್ಲಿ ಮಂಡಿಗೆ ದೊಡ್ಡ ಶತ್ರು ನೆಲ. ಕುಕ್ಕರಗಾಲಲ್ಲಿ ಕೂತಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕದ ಹಲವು ಪಟ್ಟು. ಹಾಗಾಗಿ ಈಳಿಗೆಮಣೆ ಬದಲು ಟೇಬಲ್ ಮೇಲೆ ಚಾಕು. ಬೆಳಿಗ್ಗೆ ರಂಗೋಲಿ ಹಾಕುವವರು ಈ ಒಂದು ವಾರ ಸೊಸೆಗೋ ಮಗನಿಗೋ ಬಿಡಿ (ಮಗನಿಗೆ ಅಂತ ಬೇಕಂತಲೇ ಬರೆದೆ). ಪೂಜೆಗೆ ಒಂದು ಸ್ಟೂಲ್ ಹಾಕಿಕೊಳ್ಳಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಡಿಯನ್ ಟಾಯ್ಲೆಟ್ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಇಂಜೆಕ್ಷನ್‌ಗೆ ಮುಂಚೆಯೇ ತಂದಿಟ್ಟರೆ ಒಳ್ಳೆಯದು. ಇದೊಂದನ್ನು ಒಂದು ವಾರಕ್ಕಲ್ಲ, ಖಾಯಂ ಆಗಿ ಇಟ್ಟುಕೊಳ್ಳಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ಮೆಟ್ಟಿಲು ಹತ್ತಲೇಬೇಕು ಅಂದರೆ: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಸೇರಿಸಿ. ಕೋಲು ಹಿಡಿಯುವವರು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈಯಲ್ಲಿ ಕೋಲು. ಹತ್ತರಲ್ಲಿ ಎಂಟು ಜನ ಉಲ್ಟಾ ಹಿಡಿಯುತ್ತಾರೆ, ಆಗ ಭಾರವೆಲ್ಲ ನೋವಿನ ಕಾಲಿನ ಮೇಲೇ ವಾಲುತ್ತದೆ.

ಆಫೀಸಿಗೆ ಹೋಗುವವರು ಕೂತು ಮಾಡುವ ಕೆಲಸವಾದರೆ ಒಂದೆರಡು ದಿನದಲ್ಲಿ ಹೋಗಬಹುದು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸಾಕು. ನಿಂತು ಕೆಲಸ ಮಾಡುವವರು, ಹೊಲದ ಕೆಲಸ ಇರುವವರು ಒಂದು ವಾರ ಬಿಡಬೇಕು. ನಾಟಿಯ ಸಮಯದಲ್ಲಿ ಕೆಸರಿನಲ್ಲಿ ಬಗ್ಗಿ ನಿಲ್ಲುವ ಕೆಲಸಕ್ಕೆ ಒಂದು ವಾರವೂ ಸಾಲದು. ಹೆಂಗಸರಿಗೆ ಬಸ್ ಟಿಕೆಟ್ ಫ್ರೀ ಆದ ಮೇಲೆ "ಮಂಡಿ ಸರಿಯಾಗಲಿ, ಧರ್ಮಸ್ಥಳಕ್ಕೆ ಹೋಗಿಬರೋಣ" ಅಂತ ಕಾಯುತ್ತಿರುವವರೂ ಇದ್ದಾರೆ. ಹೋಗಿ, ಖಂಡಿತ ಹೋಗಿ, ಎರಡು ಮೂರು ವಾರ ಕಳೆಯಲಿ.

ವ್ಯಾಯಾಮ: ನಿಜವಾದ ಚಿಕಿತ್ಸೆ ಇದೇ

ಮಂಡಿ ನೋವಿದ್ದಾಗ, ಊದಿದಾಗ, ತೊಡೆಯ ಮುಂದಿನ ಮಾಂಸಖಂಡ ತಾನಾಗಿ ಮಂಕಾಗುತ್ತದೆ. ನೀವು ಸೋಮಾರಿ ಅಂತ ಅಲ್ಲ. ಕೀಲಿನಿಂದ ಬರುವ ಸಂದೇಶವೇ ಆ ಮಾಂಸಖಂಡವನ್ನು ತಡೆಯುತ್ತದೆ. ತಿಂಗಳುಗಟ್ಟಲೆ ಹೀಗಾದರೆ ತೊಡೆ ಸಣ್ಣಗಾಗುತ್ತದೆ, ಭಾರ ತಡೆಯುವ ಕೆಲಸ ಪೂರ್ತಿ ಕೀಲಿನ ಮೇಲೆ ಬೀಳುತ್ತದೆ, ಮತ್ತೆ ನೋವು. ಇಂಜೆಕ್ಷನ್ ಈ ಸುತ್ತನ್ನು ಕೆಲವು ವಾರ ತುಂಡು ಮಾಡುತ್ತದೆ. ತೊಡೆಯನ್ನು ಎಬ್ಬಿಸಲು ಸಿಗುವ ಸಮಯ ಅಷ್ಟೇ.

ಮೊದಲ ದಿನವೇ ಮಲಗಿದಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸಿ. ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ. ಇದು ರಕ್ತ ಓಡಾಡಲಿ ಅಂತ.

ಎರಡನೇ ಮೂರನೇ ದಿನ ನೋವು ಇಳಿದ ಮೇಲೆ ಟವೆಲ್ ಒತ್ತುವುದು. ಮಂಚದ ಮೇಲೆ ಕಾಲು ಚಾಚಿ ಕೂತು ಬೆನ್ನಿಗೆ ದಿಂಬು ಕೊಡಿ. ಒಂದು ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗೆ ಇಡಿ. ಈಗ ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡಿ. ಸರಿಯಾಗಿ ಮಾಡುತ್ತಿದ್ದೀರಾ ಅಂತ ತಿಳಿಯಲು ಎರಡು ಬೆರಳನ್ನು ಮಂಡಿಚಿಪ್ಪಿನ ಸ್ವಲ್ಪ ಮೇಲೆ, ಒಳಬದಿಗೆ ಇಡಿ. ಒತ್ತಿದಾಗ ಅಲ್ಲಿನ ಮಾಂಸ ಕಲ್ಲಿನ ಹಾಗೆ ಗಟ್ಟಿಯಾಗಿ ಉಬ್ಬಬೇಕು, ಮಂಡಿಚಿಪ್ಪು ಮೇಲಕ್ಕೆ ಸರಿಯಬೇಕು. ತುಂಬಾ ಜನ ತೊಡೆಯ ಬದಲು ಪೃಷ್ಠ ಬಿಗಿಮಾಡಿ, ಉಸಿರು ಕಟ್ಟಿ, ಮುಖ ಕೆಂಪಗೆ ಮಾಡಿಕೊಂಡು "ಮಾಡ್ತಿದ್ದೀನಲ್ಲ" ಅನ್ನುತ್ತಾರೆ. ಬೆರಳಿನ ಕೆಳಗೆ ಏನೂ ಆಗುತ್ತಿರುವುದಿಲ್ಲ. ಐದನ್ನು ಜೋರಾಗಿ ಬಾಯಿಬಿಟ್ಟು ಎಣಿಸಿ, ಆಗ ಉಸಿರು ತಾನಾಗಿ ಆಡುತ್ತದೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಗದಿದ್ದರೆ ಮೊದಲು ಒಳ್ಳೇ ಕಾಲಿನಲ್ಲಿ ಮಾಡಿ ನೋಡಿ, ಆ ಅನುಭವ ಏನು ಅಂತ ಗೊತ್ತಾದ ಮೇಲೆ ನೋವಿನ ಕಾಲಿಗೆ ಬನ್ನಿ.

ಇದು ಸುಲಭವಾದ ಮೇಲೆ ಕಾಲೆತ್ತುವುದು. ಅಂಗಾತ ಮಲಗಿ, ಒಳ್ಳೇ ಕಾಲನ್ನು ಮಡಿಸಿ, ನೋವಿನ ಕಾಲನ್ನು ನೇರ ಇಟ್ಟುಕೊಂಡು ಒಂದು ಅಡಿ ಎತ್ತರಕ್ಕೆ ಎತ್ತಿ, ನಿಧಾನ ಇಳಿಸಿ. ಮಂಡಿ ಬಗ್ಗಬಾರದು. ಬಗ್ಗುತ್ತಿದೆ ಅಂದರೆ ತೊಡೆ ಇನ್ನೂ ತಯಾರಿಲ್ಲ, ಟವೆಲ್‌ಗೆ ವಾಪಸ್ ಹೋಗಿ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಪಕ್ಕಕ್ಕೆ ಎತ್ತುವುದನ್ನೂ ಸೇರಿಸಿಕೊಳ್ಳಿ. ಸೊಂಟದ ಪಕ್ಕದ ಮಾಂಸಖಂಡ ಗಟ್ಟಿಯಿದ್ದರೆ ನಡೆಯುವಾಗ ಅತ್ತಿತ್ತ ವಾಲುವುದು ಕಡಿಮೆಯಾಗುತ್ತದೆ.

ಒಂದು ವಾರ ಕಳೆದ ಮೇಲೆ ಕುರ್ಚಿಯಿಂದ ಏಳುವುದು. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತಿ ಇಡಿ, ಜಾರುತ್ತದೆ. ಮೊದಮೊದಲು ಮೇಲೆ ಒಂದು ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಮುಂದಕ್ಕೆ ಬಾಗಿ, ಕೈ ಊರದೆ ಏಳಿ. ಕೂರುವಾಗ ದೊಪ್ಪಂತ ಬೀಳಬೇಡಿ, ಮೂರು ಎಣಿಸುತ್ತಾ ಇಳಿಯಿರಿ. ಅರ್ಧ ಲಾಭ ಇರುವುದೇ ಈ ನಿಧಾನ ಇಳಿಯುವುದರಲ್ಲಿ. ಐದರಿಂದ ಶುರು ಮಾಡಿ ಹತ್ತಕ್ಕೆ ಹೋಗಿ, ಆಮೇಲೆ ದಿಂಬು ತೆಗೆಯಿರಿ. ಜೊತೆಗೆ ಸಮತಟ್ಟು ಜಾಗದಲ್ಲಿ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನಡಿಗೆ.

ಎಷ್ಟು ನೋವಾದರೆ ನಿಲ್ಲಿಸಬೇಕು? ಮಾಡುವಾಗ ಸ್ವಲ್ಪ ನೋವು ಪರವಾಗಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ಅದು ಹಳೇ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ, ಅಥವಾ ಮಂಡಿ ಊದಿದೆ ಅಂದರೆ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

ಸಾಧ್ಯವಾದರೆ ಎರಡು ವಾರದೊಳಗೆ ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ನನ್ನ ಕಸುಬು ಅಂತ ಹೇಳುತ್ತಿಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಂಡಿ ಸವೆತದ 156 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟು ನೋಡಿದ್ದಾರೆ. ಒಂದು ವರ್ಷದ ಹೊತ್ತಿಗೆ ನೋವಿನಲ್ಲೂ ಓಡಾಟದಲ್ಲೂ ಫಿಸಿಯೋಥೆರಪಿ ಗುಂಪೇ ಮುಂದಿತ್ತು. ಇನ್ನು ತೂಕ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ. ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತೀರಿ ಅಂತ ನೀವೇ ಲೆಕ್ಕ ಹಾಕಿ.

ಜೆಲ್ ಮತ್ತು ಪಿಆರ್‌ಪಿ ಆದವರಿಗೆ

ಜೆಲ್ ಕೆಲವು ಕಂಪನಿಯದು ಒಂದೇ ಸಲ, ಕೆಲವು ವಾರಕ್ಕೊಂದರಂತೆ ಮೂರರಿಂದ ಐದು. ವಾರದ ಲೆಕ್ಕದ್ದಾದರೆ ಮಧ್ಯೆ ಬಿಡಬೇಡಿ. ಪರಿಣಾಮ ಗೊತ್ತಾಗಲು ವಾರಗಟ್ಟಲೆ ಬೇಕು. ಒಬ್ಬೊಬ್ಬರಿಗೆ ಒಂದೆರಡು ದಿನದಲ್ಲಿ ಮಂಡಿ ಜೋರಾಗಿ ಊದುತ್ತದೆ, ನೋಡಲು ಸೋಂಕಿನ ಹಾಗೇ ಇರುತ್ತದೆ. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಹೇಳಲು ಆಗುವುದಿಲ್ಲ, ತೋರಿಸಲೇಬೇಕು. ಮತ್ತೊಂದು, ಕೆಲವು ಜೆಲ್‌ಗಳನ್ನು ಕೋಳಿಯ ಜುಟ್ಟಿನಿಂದ ತಯಾರಿಸುತ್ತಾರೆ. ಮೊಟ್ಟೆ, ಕೋಳಿ ಅಲರ್ಜಿ ಇರುವವರು ಮೊದಲೇ ಹೇಳಬೇಕು. ಸಸ್ಯಾಹಾರಿಗಳಿಗೆ ಇದು ಮುಖ್ಯ ಅನ್ನಿಸಿದರೆ ಕೇಳಿ, ಬ್ಯಾಕ್ಟೀರಿಯಾದಿಂದ ತಯಾರಿಸಿದ್ದೂ ಸಿಗುತ್ತದೆ.

ಪಿಆರ್‌ಪಿ ಆದ ಮೇಲೆ ನಾಲ್ಕೈದು ದಿನ ನೋವು, ಬಿಗಿತ ಮಾಮೂಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಮಾತ್ರೆಗಳನ್ನು ಒಂದೆರಡು ವಾರ ಬೇಡ ಅನ್ನುತ್ತಾರೆ, ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ ಅಂತ. ಪ್ಯಾರಸಿಟಮಾಲ್ ಪರವಾಗಿಲ್ಲ. ಹೃದಯಕ್ಕೆ ಅಂತ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ನೀವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿ. ಒಂದು ಮಾತು ಹೇಳಲೇಬೇಕು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 288 ಜನರ ಮೇಲೆ ಪಿಆರ್‌ಪಿಯನ್ನು ಬರೀ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿ ನೋಡಿದಾಗ ಒಂದು ವರ್ಷದಲ್ಲಿ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟು ದುಡ್ಡು ಕೊಟ್ಟು ಮೂರು ಸಲದ ಪ್ಯಾಕೇಜ್ ತಗೊಳ್ಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮುಂದಿನ ಇಂಜೆಕ್ಷನ್ ಯಾವಾಗ?

ಸ್ಟೀರಾಯ್ಡ್‌ನ ಪರಿಣಾಮ ಕೆಲವರಿಗೆ ನಾಲ್ಕು ವಾರ, ಕೆಲವರಿಗೆ ಮೂರು ತಿಂಗಳು. ಕೆಲವರಿಗೆ ಏನೂ ಆಗುವುದಿಲ್ಲ. ಕ್ಯಾಲೆಂಡರಿನ ಮೇಲೆ ದಿನಾ ರಾತ್ರಿ ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕು ಅಂತ ಬರೆದಿಡಿ. ಎರಡು ವಾರ, ಆರು ವಾರ ಆದಮೇಲೆ ಡಾಕ್ಟರು ಕೇಳಿದಾಗ "ಪರವಾಗಿಲ್ಲ ಸಾರ್" ಅನ್ನುವುದಕ್ಕಿಂತ ಆ ನಂಬರು ಉಪಯೋಗಕ್ಕೆ ಬರುತ್ತದೆ.

ಅದೇ ಮಂಡಿಗೆ ಮತ್ತೆ ಸ್ಟೀರಾಯ್ಡ್ ಬೇಕಾದರೆ ಕನಿಷ್ಠ ಮೂರು ತಿಂಗಳ ಅಂತರ ಇರಲಿ. ಅಂತರ ಇದೆ ಅಂದ ಮಾತ್ರಕ್ಕೆ ಹಾಕಿಸುತ್ತಲೇ ಇರುವುದೂ ಸರಿಯಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 140 ಜನರಿಗೆ ಎರಡು ವರ್ಷ, 12 ವಾರಕ್ಕೊಮ್ಮೆ, ಅರ್ಧ ಜನಕ್ಕೆ ಟ್ರಯಾಮ್ಸಿನೋಲೋನ್, ಇನ್ನರ್ಧಕ್ಕೆ ಉಪ್ಪುನೀರು ಹಾಕಿದರು. ಸ್ಟೀರಾಯ್ಡ್ ಗುಂಪಿನಲ್ಲಿ ಮಂಡಿಯ ಮೃದ್ವಸ್ಥಿ (ಮೂಳೆಯ ತುದಿಯ ನುಣುಪು ಪದರ) ಜಾಸ್ತಿ ಸವೆದಿತ್ತು, ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಒಂದು ಇಂಜೆಕ್ಷನ್‌ಗೆ ಹೆದರಬೇಕಿಲ್ಲ. ಆದರೆ ಒಂದು ಊರಿನಲ್ಲಿ ಹಾಕಿಸಿ, ಆರು ವಾರಕ್ಕೆ ಇನ್ನೊಂದು ಊರಿನ ಡಾಕ್ಟರ ಹತ್ತಿರ ಹೋಗಿ ಹಳೆಯದನ್ನು ಹೇಳದೆ ಮತ್ತೆ ಹಾಕಿಸಿಕೊಳ್ಳುವವರು ಇದ್ದಾರಲ್ಲ, ಅವರಿಗೆ ಹೇಳುತ್ತಿರುವುದು.

ಮಂಡಿ ಬದಲಿಸುವ ಆಪರೇಷನ್ ಯೋಚನೆ ಇದ್ದರೆ ಇಂಜೆಕ್ಷನ್ ಆಗಿ ಮೂರು ತಿಂಗಳು ಕಳೆಯುವವರೆಗೆ ಆಪರೇಷನ್ ಇಟ್ಟುಕೊಳ್ಳುವುದಿಲ್ಲ, ಹೊಸ ಕೀಲಿಗೆ ಸೋಂಕು ತಗಲುವ ಅಪಾಯ ಜಾಸ್ತಿ ಅಂತ. ಮಗ ವಿದೇಶದಿಂದ ಬರುವ ತಿಂಗಳಿಗೆ ಆಪರೇಷನ್ ಅಂತ ಮನೆಯವರು ತೀರ್ಮಾನಿಸಿದ್ದರೆ, ಅಲ್ಲಿಯವರೆಗೆ ತಡೆಯಲಿ ಅಂತ ಮಧ್ಯೆ ಒಂದು ಇಂಜೆಕ್ಷನ್ ಹಾಕಿಸುವ ಮುಂಚೆ ತಿಂಗಳು ಎಣಿಸಿ. ಆಪರೇಷನ್ ಮಾಡುವವರು ಬೇರೆ ಡಾಕ್ಟರಾಗಿದ್ದರೆ ಇಂಜೆಕ್ಷನ್ ಹಾಕಿಸಿದ ತಾರೀಕನ್ನು ಅವರು ಕೇಳಲಿ ಬಿಡಲಿ, ನೀವಾಗಿ ಹೇಳಿ.